ಹದಿನಾಲ್ಕನೇ ಸಾಲು

ನಮ್ಮ ನೂಲಿನ ಗಿರಣಿಯ ಸರ್ವರುಗಳಿಗೆ ನದಿಗಳ ಹೆಸರಿಟ್ಟವನು ನಾನು. ಭವಾನಿಯಲ್ಲಿ ಹಾಜರಿ, ಸಿರುವಾಣಿಯಲ್ಲಿ ಕಚೇರಿಯ ಕಾಗದಪತ್ರ, ನೊಯ್ಯಲ್‌ನಲ್ಲಿ ಲಾರಿಗಳ ಗೇಟ್ ಪಾಸು.

“ಕೊಯಮತ್ತೂರಲ್ಲಿ ನೊಯ್ಯಲ್ ತುಂಬೋದು ನಿಮ್ಮ ರೂಮಲ್ಲಿ ಮಾತ್ರ, ನಾಚಿಮುತ್ತು,” ಎಂದು ಮ್ಯಾನೇಜರ್ ಮಯಿಲ್‌ಸಾಮಿ ನಗುತ್ತಿದ್ದರು. ಆ ಸರ್ವರಿನ ಡಿಸ್ಕ್ ತುಂಬಿದಾಗ ಮಾಡಬೇಕಾದದ್ದೆಲ್ಲ ಹನ್ನೊಂದು ವರ್ಷಗಳಿಂದ ನನ್ನ ನೀಲಿ ನೋಟ್‌ಬುಕ್ಕಿನಲ್ಲಿತ್ತು. ಆ ಅಕ್ಷರ ನನ್ನೊಬ್ಬನಿಗೇ ಓದಲು ಬರುತ್ತಿತ್ತು.

ಈರೋಡಿನಿಂದ ಯಾಳಿನಿ ನನ್ನ ಜೊತೆ ಕೆಲಸಕ್ಕೆ ಬಂದಳು. ಆರೇ ತಿಂಗಳಲ್ಲಿ ಎಲ್ಲ ಕೆಲಸವನ್ನೂ ಸಾಲುಸಾಲಾಗಿ ಬರೆದು, ಯಾರು ಬೇಕಾದರೂ ತೆರೆದು ನೋಡುವಂತೆ ಸಿರುವಾಣಿಯಲ್ಲಿಟ್ಟಳು.

“ಗೇಟಿನ ವಾಚ್‌ಮನ್ ಕೂಡ ಸರ್ವರ್ ನಡೆಸಬಹುದಲ್ರೀ!” ಎಂದರು ಮಯಿಲ್‌ಸಾಮಿ. ಕಂಪನಿಯ ಮೂರೂ ಗಿರಣಿಗಳಿಗೆ ಆ ಟಿಪ್ಪಣಿಯೇ ಇರಲಿ, ಮೂರಕ್ಕೂ ಅವಳೇ ಮುಖ್ಯಸ್ಥೆಯಾಗಲಿ ಎಂಬ ಮಾತು ಶುರುವಾಯಿತು. ಆ ಜಾಗ ನನ್ನದೆಂದು ನಾನು ಮನೆಯಲ್ಲಿ ಹೇಳಿಯಾಗಿತ್ತು.

ನಮ್ಮಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಸಹಿ ಹಾಕಬೇಕು. “ಅಣ್ಣಾ, ನೀವೊಂದ್ಸಲ ನೋಡ್ಬಿಟ್ರೆ ನಂಗೆ ಧೈರ್ಯ,” ಎಂದಳು.

ನೋಡಿದೆ. ಹದಿನಾಲ್ಕನೇ ಸಾಲು: ‘ನೊಯ್ಯಲ್ ತುಂಬಿದರೆ ದೊಡ್ಡ ಲಾಗ್ ಅಳಿಸಿ.’ ಲಾಗ್ ಎಂದರೆ ಯಂತ್ರ ತಾನೇ ಬರೆದುಕೊಳ್ಳುವ ದಿನಚರಿ. ಗೇಟ್ ಪಾಸಿನ ಪ್ರೋಗ್ರಾಮು ಅದನ್ನು ಹಿಡಿದುಕೊಂಡು ಬರೆಯುತ್ತಿರುವಾಗ ಅಳಿಸಿದರೆ ಹೆಸರು ಹೋಗುತ್ತದೆ, ಜಾಗ ತೆರವಾಗುವುದಿಲ್ಲ. ಅಳಿಸಬಾರದು, ಒಳಗಿನ ಹಳೆಯ ಸಾಲುಗಳನ್ನು ಮಾತ್ರ ತೆಗೆದು ಬರಿದು ಮಾಡಬೇಕು. ಎಂಟು ವರ್ಷದ ಹಿಂದೆ ಇದೇ ತಪ್ಪು ಮಾಡಿ ಅರ್ಧ ದಿನ ಒದ್ದಾಡಿದವನು ನಾನು.

‘ನೋಡಿದೆ. ಸರಿ ಇದೆ. ನಾ.ಮು.’ ಎಂದು ಬರೆದೆ.

ಆಮೇಲೆ ದಿನವೂ ಆ ಪುಟ ತೆರೆಯುತ್ತಿದ್ದೆ, ಅವಳು ತಾನಾಗಿ ತಿದ್ದಿಬಿಟ್ಟಳೇನೋ ಎಂದು. ತಿದ್ದಿರಲಿಲ್ಲ. ಸಮಾಧಾನವಾಗುತ್ತಿತ್ತು.

ಮೂರನೆಯ ವಾರ, ಬುಧವಾರ ಹನ್ನೊಂದು ಗಂಟೆಗೆ ನೊಯ್ಯಲ್ ತುಂಬಿತು. ತಿರುಪ್ಪೂರಿಗೆ ನೂಲು ಹೊತ್ತ ಒಂಬತ್ತು ಲಾರಿ ಪಾಸು ಸಿಗದೆ ಗೇಟಿನಲ್ಲಿ ನಿಂತವು. ಯಾಳಿನಿ ಟಿಪ್ಪಣಿ ತೆರೆದು ಹದಿನಾಲ್ಕನೇ ಸಾಲಿನಂತೆ ನಡೆದಳು. ಲಾಗ್ ಮಾಯವಾಯಿತು. ಡಿಸ್ಕ್ ಮಾತ್ರ ನೂರಕ್ಕೆ ನೂರು ತುಂಬಿಯೇ ಇತ್ತು. ಮತ್ತೆ ಮತ್ತೆ ನೋಡಿದಳು. ಅವಳ ಕುತ್ತಿಗೆ ಬೆವರುವುದನ್ನು ನಾನು ಕಾಫಿ ಕುಡಿಯುತ್ತ ನೋಡುತ್ತಿದ್ದೆ.

ಮಯಿಲ್‌ಸಾಮಿ ಬಂದರು. “ಏನಮ್ಮಣಿ, ಡ್ರೈವರುಗಳು ಗೇಟಲ್ಲೇ ಅಡುಗೆ ಶುರು ಮಾಡಲಾ ಅಂತಿದಾರೆ!”

“ಅಣ್ಣಾ,” ಎಂದಳು ನನ್ನ ಕಡೆ ತಿರುಗಿ, “ಅಳಿಸಿದೀನಿ, ಜಾಗ ಬರ್ತಿಲ್ಲ.”

ಇದಕ್ಕಾಗಿಯೇ ಕಾದಿದ್ದೆ. “ಮನೆ ಬಾಗಿಲಿನ ಫಲಕ ಕಿತ್ತರೆ ಬಾಡಿಗೆಯವರು ಖಾಲಿ ಮಾಡ್ತಾರಾ, ಅಮ್ಮಣಿ? ಪ್ರೋಗ್ರಾಮ್ ನಿಲ್ಲಿಸಿ ಮತ್ತೆ ಶುರು ಮಾಡು.”

ಎರಡು ನಿಮಿಷದಲ್ಲಿ ಜಾಗ ತೆರವಾಯಿತು, ಲಾರಿಗಳು ಹೊರಟವು. ಆದರೆ ಅಳಿಸಿದ ಲಾಗ್ ಹೋದದ್ದು ಹೋಯಿತು. ನೊಯ್ಯಲ್ ಯಾಕೆ ತುಂಬಿತೆಂಬುದು ಅದರ ಕೊನೆಯ ಸಾಲುಗಳಲ್ಲೇ ಇತ್ತು.

“ಈ ಸಾಲು ನೋಡಿ ಸಹಿ ಹಾಕಿದ್ದು ಯಾರು?” ಎಂದು ಮಯಿಲ್‌ಸಾಮಿ ಪರದೆಗೆ ಬಗ್ಗಿದರು.

“ತಪ್ಪು ನಂದೇ ಸಾರ್,” ಎಂದಳು ಯಾಳಿನಿ. “ಅಣ್ಣ ಅವತ್ತು ಭವಾನಿ ರಿಪೇರಿಲಿದ್ರು. ನಾನೇ ಅವಸರ ಮಾಡಿ ಸಹಿ ಹಾಕಿಸ್ಕೊಂಡೆ.”

ಅವಸರ ಮಾಡಿರಲಿಲ್ಲ. ಅವಳಿಗೆ ಬರೆಯಲು ಬರುತ್ತದೆಂದು ಹೊಟ್ಟೆ ಉರಿದದ್ದು ಒಂದು ಪಾಲಾದರೆ, ಹೀಗೆ ನನ್ನನ್ನು ಬಚಾವು ಮಾಡಲೂ ಬರುತ್ತದೆಂದು ಉರಿದದ್ದು ಹತ್ತು ಪಾಲು.

ಮಧ್ಯಾಹ್ನ ಸಿರುವಾಣಿಯ ಲಾಗ್ ತೆರೆದೆ. ಯಾರು ಯಾವ ಪುಟವನ್ನು ಯಾವಾಗ ನೋಡಿದರೆಂದು ಅದು ಬರೆದಿಡುತ್ತದೆ. ಯಾಳಿನಿಯ ಪುಟ: ನಾಚಿಮುತ್ತು, ಹತ್ತೊಂಬತ್ತು ಸಲ. ಆ ಲಾಗ್ ನೋಡುವವನು ನಾನೊಬ್ಬನೇ. ಮೂವತ್ತು ದಿನಕ್ಕೆ ತಾನಾಗಿ ಅಳಿಯುವಂತೆ ಮಾಡಿದವನೂ ನಾನೇ. ಸುಮ್ಮನಿದ್ದರೆ ಸಾಕಿತ್ತು.

ಹದಿನಾಲ್ಕನೇ ಸಾಲಿನ ಜಾಗದಲ್ಲಿ ಆರು ಸಾಲು ವಿವರಣೆ ಬರೆದೆ. ಕೆಳಗೆ ತಿದ್ದುಪಡಿಯ ಕಾರಣ ಕೇಳುವ ಚೌಕವಿತ್ತು. ಅದರಲ್ಲಿ, ‘ಮೊದಲ ದಿನವೇ ಗೊತ್ತಿತ್ತು. ಹೇಳಲಿಲ್ಲ. ನಾ.ಮು.’ ಎಂದು ಬರೆದು ಉಳಿಸಿದೆ.

ಮರುದಿನ ಯಾಳಿನಿ ಬಂದವಳೇ ಆ ಪುಟ ತೆರೆದು ಓದಿದಳು. ಊಟಕ್ಕೆ ಏಳುವಾಗ, “ಅಣ್ಣಾ, ನಿಮ್ಮ ಆರು ಸಾಲು ಉದ್ದ ಆಯ್ತು, ಚಿಕ್ಕದು ಮಾಡಿದೀನಿ,” ಎಂದಳು. “ಕಾರಣ ಮುಟ್ಟಿಲ್ಲ. ಅದು ಹಾಗೇ ಇರ್ಲಿ.”

ಅವಳು ಹೋದ ಮೇಲೆ ತೆರೆದು ನೋಡಿದೆ. ‘ಫಲಕ ಕೀಳಬೇಡಿ, ಮನೆ ಬರಿದು ಮಾಡಿ’ ಎಂದಿತ್ತು, ಅದರ ಕೆಳಗೆ ಟೈಪು ಮಾಡಬೇಕಾದ ಒಂದೇ ಆಜ್ಞೆ.

ನನ್ನದಕ್ಕಿಂತ ಚೆನ್ನಾಗಿತ್ತು.