ಪೆನ್ಸಿಲ್ಲಿನಲ್ಲಿ ಬರೆದ ಹಕ್ಕಿ

ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ದುರ್ಬೀನಿನ ಪಟ್ಟಿ ಇನ್ನೇನು ಬೆರಳಿಗೆ ಸಿಕ್ಕಿತು ಎನ್ನುವಾಗ ಹಿಂದೆ ಯಾರೋ ಕೆಮ್ಮಿದರು. ಕರಡಮ್ಮ ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದೆಗೆದುಕೊಂಡಳು.

"ಏನ್ ಬೇಕಿತ್ತು?" ಸತ್ತವರ ಮಗಳು ಕೇಳಿದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಏನೂ ಇಲ್ಲಮ್ಮ. ಒಂದ್ಸಲ ಮುಟ್ಟಿ ನೋಡೋಣ ಅಂತ."

"ಅಪ್ಪನ್ನ ಇನ್ನೂ ಮನೆಯಿಂದ ಎತ್ತಿಲ್ಲ. ಅಷ್ಟರಲ್ಲೇ ಅವರ ಸಾಮಾನಿಗೆ ಕೈ ಹಾಕ್ತೀರಾ? ನೀವು ಯಾರು ಅಂತಾನೇ ನಂಗೆ ಗೊತ್ತಿಲ್ಲ."

ಯಾರೆಂದು ಹೇಳುವುದು? ನೆಂಟಳಲ್ಲ, ನೆರೆಯವಳಲ್ಲ, ಅವರ ಕನ್ನಡಕದ ಅಂಗಡಿಯ ಗಿರಾಕಿಯೂ ಅಲ್ಲ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತಳಾದವಳು. ಕರಡಮ್ಮ ಎನ್ನುವುದು ಅಲ್ಲಿನವರು ಇಟ್ಟ ಹೆಸರು. ಬೆನ್ನ ಹಿಂದೆ ಕರಡಿಯಮ್ಮ. ಹತ್ತೊಂಬತ್ತು ವರ್ಷ ಪ್ರತಿ ಭಾನುವಾರ ಈ ಮನೆಯ ಯಜಮಾನರ ಜೊತೆ ಕೆರೆಯ ಸುತ್ತ ಹಕ್ಕಿ ನೋಡುತ್ತ ನಡೆದಿದ್ದಳು. ಇಬ್ಬರ ನಡುವೆ ಆಡಿದ ಮಾತಿಗಿಂತ ಆಡದೆ ಕಳೆದ ಹೊತ್ತೇ ಹೆಚ್ಚು. ಇದನ್ನೆಲ್ಲ ಹೆಣದ ಮುಂದೆ ನಿಂತು ವಿವರಿಸಲಾದೀತೇ? "ಹಕ್ಕಿ ನೋಡೋಕೆ ಜೊತೆಗೆ ಹೋಗ್ತಿದ್ದೆ," ಎಂದಷ್ಟೇ ಹೇಳಿ ಹೊರಬಂದು ಅಂಗಳದ ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಕುಳಿತಳು.

ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ತನ್ನ ಕುರ್ಚಿಯನ್ನು ಅವಳತ್ತ ಎಳೆದುಕೊಂಡ. ಸಾವಿನ ಮನೆಯಲ್ಲೂ ಆತನ ಬಾಯಿ ಸುಮ್ಮನಿರದು.

"ಕೂತಲ್ಲೇ ಹೋಗ್ಬಿಟ್ರಂತೆ. ನಿನ್ನೆ ಮಧ್ಯಾಹ್ನ, ಅಂಗಡೀಲಿ. ಗಾಜು ಅರೆಯೋ ಚಕ್ರ ತಿರುಗ್ತಾನೇ ಇತ್ತಂತೆ. ಪುಣ್ಯಾತ್ಮ, ಯಾರ ಕೈಯಲ್ಲೂ ಒಂದು ಲೋಟ ನೀರು ಕೇಳ್ಲಿಲ್ಲ. ನಿಮಗೆ ಯಾರು ಫೋನ್ ಮಾಡಿದ್ರು?"

"ಯಾರೂ ಇಲ್ಲ."

ಬೆಳಿಗ್ಗೆ ಆರಕ್ಕೆ ಎಂದಿನಂತೆ ಪಂಪ್‌ಹೌಸಿನ ಬಳಿ ನಿಂತಿದ್ದಳು. ತಡವಾಗಿ ಬರುವವರಿಗಾಗಿ ಹದಿನೈದು ನಿಮಿಷ ಕಾಯುವುದು ಅವರಿಬ್ಬರ ವಾಡಿಕೆ. ಕನ್ನಡಕದವರು ಮೂರು ವಾರದಿಂದ ಬಂದಿರಲಿಲ್ಲ, ಆದರೂ ಕಾದಳು. ಕೆರೆಯ ಕಾವಲುಗಾರ ಹತ್ತಿರ ಬಂದು "ಅಮ್ಮಾ, ನಿಮಗೆ ವಿಷಯ ಗೊತ್ತಾಗಿಲ್ವಾ?" ಎಂದಾಗ ಇನ್ನೂ ಎರಡು ನಿಮಿಷ ಬಾಕಿ ಇತ್ತು.

"ಆದ್ರೆ ಈ ಮೂರು ವಾರ ಅವರಿಗೆ ಏನೋ ಹುಚ್ಚು ಹಿಡಿದಿತ್ತು ನೋಡಿ," ಕಂಡಕ್ಟರ್ ಮುಂದುವರಿಸಿದ. "ಬಿಸಿಲೇರಿದ ಮೇಲೆ ಹೋಗಿ ಕೆರೆಯ ಆಚೆ ದಡದಲ್ಲಿ, ಆ ಜೊಂಡಿನ ಮುಂದೆ ಕೂರೋರು. ಏನ್ರೀ ಇದು ಅಂದ್ರೆ, 'ಅದು ಹತ್ತೂವರೆ ಮೇಲೇ ಹೊರಗೆ ಬರೋದು ಕಣ್ರೀ' ಅನ್ನೋರು. ಯಾವುದು ಅಂತ ನಾನೂ ಕೇಳ್ಲಿಲ್ಲ. ನಂಗೆ ಕಾಗೆಗೂ ಕೋಗಿಲೆಗೂ ವ್ಯತ್ಯಾಸ ಗೊತ್ತಿಲ್ಲ."

ಯಾವುದೆಂದು ಕರಡಮ್ಮನಿಗೆ ಗೊತ್ತಿತ್ತು. ಕೈಚೀಲದೊಳಗಿನ ನೋಟ್‌ಪುಸ್ತಕವನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

*

ಮೊದಲು ಭಾನುವಾರ ಹಕ್ಕಿ ನೋಡಲು ಬರುತ್ತಿದ್ದವರು ಹದಿನಾಲ್ಕು ಮಂದಿ. ಒಬ್ಬರಿಗೆ ಮಂಡಿನೋವು ಬಂತು, ಒಬ್ಬರಿಗೆ ಮೊಮ್ಮಗು ಬಂತು, ಇನ್ನೊಬ್ಬರಿಗೆ ಭಾನುವಾರದ ನಿದ್ದೆಯೇ ಸ್ವರ್ಗವೆಂದು ಜ್ಞಾನೋದಯವಾಯಿತು. ಕಡೆಗೆ ಉಳಿದವರು ಇಬ್ಬರು; ಅವರಿಗೊಂದು ದುರ್ಬೀನು, ಒಂದು ಪುಸ್ತಕ. ಕನ್ನಡಕದವರು ನೋಡಿ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ದಿಕ್ಕು ಹೇಳುತ್ತಿದ್ದರು: "ಎರಡು ಗಂಟೆ ದಿಕ್ಕು, ಕೆಳಗಿನ ಕೊಂಬೆ, ಕಾಜಾಣ." ಆಮೇಲೆ ದುರ್ಬೀನು ಅವಳ ಕೈಗೆ. ಅವರ ಕಣ್ಣಿಗೆ ಹೊಂದಿದ್ದು ಅವಳಿಗೆ ಮಸುಕು. ನಡುವಿನ ಚಕ್ರ ತಿರುಗಿಸಿ ತನ್ನ ಕಣ್ಣಿಗೆ ಹೊಂದಿಸಿಕೊಂಡು, ನೋಡಿ, ಹೂಂ ಎಂದರೆ ಶಾಯಿಯಲ್ಲಿ ಬರೆಯುವುದು. ಒಬ್ಬರಿಗೇ ಕಂಡಿದ್ದರೆ ಪೆನ್ಸಿಲ್ಲಿನಲ್ಲಿ. ಇನ್ನೊಬ್ಬರು ಕಂಡ ದಿನ ಅದರ ಮೇಲೆ ಶಾಯಿ ತಿದ್ದುವುದು. ನಿಯಮ ಮಾಡಿದವರು ಅವರೇ.

"ಕಣ್ಣು ಮೋಸ ಮಾಡುತ್ತೆ ಕಣ್ರೀ. ನನ್ನ ಹೊಟ್ಟೆ ತುಂಬ್ತಿರೋದೇ ಅದರಿಂದ," ಎಂದು ನಗುತ್ತಿದ್ದರು.

ಕೆರೆ ಸ್ವಚ್ಛ ಮಾಡುತ್ತೇವೆಂದು ಜೊಂಡನ್ನೆಲ್ಲ ಕಿತ್ತ ವರ್ಷ ಕೆಂಪು ಗುಪ್ಪಿ ಅಲ್ಲಿಂದ ಹೊರಟುಹೋಗಿತ್ತು. ಅದು ಜೊಂಡಿನ ಹಕ್ಕಿ. ಬೆದರಿದರೆ ಕೊಕ್ಕನ್ನು ಆಕಾಶಕ್ಕೆತ್ತಿ ಅಲುಗದೆ ನಿಂತುಬಿಡುತ್ತದೆ. ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣದು. ಹನ್ನೊಂದು ವರ್ಷದಲ್ಲಿ ಜೊಂಡು ಮತ್ತೆ ಬೆಳೆದಿತ್ತು. ನಾಲ್ಕು ವಾರದ ಹಿಂದೆ, ಹೊತ್ತು ಹೋದದ್ದೇ ತಿಳಿಯದೆ ಬಿಸಿಲೇರುವವರೆಗೂ ಸುತ್ತಿ, ಆಚೆ ದಡದ ಬೆಂಚಿನಲ್ಲಿ ಕೂತಿದ್ದಾಗ ಅವರು ನೆಟ್ಟಗಾದರು.

"ಗುಪ್ಪಿ! ಹನ್ನೊಂದು ಗಂಟೆ ದಿಕ್ಕು, ಜೊಂಡಿನ ಅಂಚು!"

ಅವಳು ದುರ್ಬೀನು ತೆಗೆದುಕೊಂಡು ಚಕ್ರ ತಿರುಗಿಸುವಷ್ಟರಲ್ಲಿ ಅಲ್ಲಿ ಬರೀ ಜೊಂಡಿತ್ತು. ಅರ್ಧ ಗಂಟೆ ನೋಡಿದಳು. ಆಮೇಲೆ ಪೆನ್ಸಿಲ್ ತೆಗೆದು ಬರೆದಳು.

"ಶಾಯೀಲಿ ಬರೀರಿ," ಎಂದರು.

"ನಾನು ನೋಡ್ಲಿಲ್ವಲ್ಲ."

"ನಾನು ನೋಡಿದೀನಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದ್ಸಲ ನನ್ನ ಮಾತು ನಂಬಿ."

"ನಿಯಮ ನಿಮ್ಮದೇ."

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಜೀವಮಾನವೆಲ್ಲ ಬೇರೆಯವರ ತಪ್ಪು ಹುಡುಕಿದವಳಿಗೆ ಅದು ಆಗಲಿಲ್ಲ. "ನಿಮ್ಮ ಕಣ್ಣೂ ಈಗ ಮೊದಲಿನ ಹಾಗಿಲ್ಲ," ಎಂದುಬಿಟ್ಟಳು.

ಊರಿಗೆಲ್ಲ ಕಣ್ಣು ಸರಿಮಾಡಿಕೊಟ್ಟ ಮನುಷ್ಯ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಹೊರಟರು. ಮುಂದಿನ ಭಾನುವಾರ ಬರಲಿಲ್ಲ. ಅವರೇ ಮೊದಲು ಫೋನ್ ಮಾಡಲಿ ಎಂದು ಅವಳು ಬಿಗುಮಾನದಿಂದ ಕೂತಳು. ಬೇರೆ ಯಾರೂ ಫೋನ್ ಮಾಡುವವರಿರಲಿಲ್ಲವಾದ್ದರಿಂದ ಮೂರು ವಾರ ಅದು ಸದ್ದೇ ಮಾಡಲಿಲ್ಲ.

*

ಹತ್ತಾಗಲು ಹತ್ತು ನಿಮಿಷವಿತ್ತು. ಕರಡಮ್ಮ ಎದ್ದು ಒಳಗೆ ಹೋಗಿ, ಗಂಡನ ತಲೆಯ ಬಳಿ ಕೂತಿದ್ದ ಹೆಂಡತಿಯ ಪಕ್ಕದಲ್ಲಿ ಕಷ್ಟಪಟ್ಟು ಮಂಡಿಯೂರಿದಳು. ಏನು ಹೇಳಬೇಕೆಂದು ತೋಚುವ ಮೊದಲೇ ಆಕೆ ಕೇಳಿದರು:

"ನೀವು ಶಾಯಿಯವರಲ್ವಾ? ಮನೇಲಿ ಹಾಗೇ ಅನ್ನೋರು."

"ಹೌದಮ್ಮ."

"ಇವತ್ತು ನಿಮ್ಮನ್ನ ಕರೆದುಕೊಂಡು ಹೋಗ್ಬೇಕು ಅಂತಿದ್ರು. ಶುಕ್ರವಾರ ಊಟಕ್ಕೆ ಕೂತಾಗ ಹೇಳಿದ್ರು. 'ಅದು ಬರೋ ಹೊತ್ತು ಪಕ್ಕಾ ಆಯ್ತು, ಇನ್ನು ಅವರನ್ನ ಕರೀಬಹುದು' ಅಂತ. 'ನೀವು ಅವರ ಮೇಲೆ ಮುನಿಸ್ಕೊಂಡಿದ್ರಲ್ಲ' ಅಂದೆ. 'ಛೇ, ಅವರು ಹೇಳಿದ್ದೇ ಸರಿ' ಅಂದ್ರು."

ಕರಡಮ್ಮನಿಗೆ ಬೆಳಿಗ್ಗೆಯಿಂದ ಬಾರದ ಅಳು ಈಗ ಬಂದು, ಅವರಿಬ್ಬರ ನಡುವೆ ನೆಲದ ಮೇಲೆ ಹನಿಯಿತು.

"ದುರ್ಬೀನು ಬೇಕಿತ್ತು," ಎಂದಳು. "ಈಗಲೇ ಹೋದ್ರೆ ಹತ್ತೂವರೆಗೆ ಅಲ್ಲಿರ್ತೀನಿ."

"ಅಮ್ಮಾ, ಗಾಡಿ ಬಂತು," ಎನ್ನುತ್ತ ಒಳಬಂದ ಮಗಳು ದಂಗಾಗಿ ನಿಂತಳು. "ಎತ್ತೋ ಹೊತ್ತಿಗೆ ಎದ್ದು ಹೋಗ್ತಾರಾ ಯಾರಾದ್ರೂ? ಹಕ್ಕಿ ನೋಡೋಕೆ?"

"ಹೋಗ್ಲಿ ಬಿಡೇ," ತಾಯಿ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಹೊರೋಕೆ ಬೇಕಾದಷ್ಟು ಜನ ಇದ್ದಾರೆ. ಆ ಕೆಲಸಕ್ಕೆ ಇವರೊಬ್ಬರೇ ಇರೋದು. ಮೊಳೆಯಿಂದ ತೆಗೆದುಕೊಡು."

ಮಗಳು ತೆಗೆದುಕೊಟ್ಟಳು. ಅಂಗಳ ದಾಟುವಾಗ "ಇದೇನ್ರೀ ಇವರು!" ಎಂದು ಕಂಡಕ್ಟರ್ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು.

*

ಬೆಂಚಿನಲ್ಲಿ ಅವಳು ಎಂದಿನಂತೆ ಎಡಗಡೆಯ ಅರ್ಧದಲ್ಲೇ ಕುಳಿತಳು. ದುರ್ಬೀನನ್ನು ಕಣ್ಣಿಗೆ ಹಿಡಿದಾಗ ಎಲ್ಲವೂ ಮಸುಕಾಗಿತ್ತು. ಚಕ್ರ ಅವರ ಕಣ್ಣಿಗೆ ಹೊಂದಿಸಿದಲ್ಲೇ ನಿಂತಿತ್ತು. ಅವಳ ಬೆರಳು ಚಕ್ರದ ಮೇಲೆ ಹೋಗಿ ಹಿಂದೆ ಬಂತು. ತಿರುಗಿಸಿದರೆ ಮತ್ತೆ ಆ ಜಾಗಕ್ಕೆ ತಂದು ನಿಲ್ಲಿಸುವವರಿಲ್ಲ.

ಹತ್ತೂವರೆಯಾಯಿತು. ಎದುರು ಏರಿಯ ರಸ್ತೆಯಲ್ಲಿ ಹೂವು ಹೊದಿಸಿದ ಗಾಡಿ ನಿಧಾನವಾಗಿ ಸಾಗಿತು, ಹಿಂದೆ ಹತ್ತಿಪ್ಪತ್ತು ಜನ. ಅವಳು ಎದ್ದು ನಿಂತಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಕುಳಿತಳು. ಹತ್ತೂ ಮುಕ್ಕಾಲಾಯಿತು. ಒಂದು ನೀರುಕಾಗೆ ರೆಕ್ಕೆ ಒಣಗಿಸಿಕೊಂಡು ಹೋಯಿತು. ಬೆನ್ನು ನೋಯತೊಡಗಿತು. ಬರದೇ ಇದ್ದರೆ? ಬಾರದಿದ್ದರೆ ಸುಳ್ಳೇ ಬರೆಯಬಲ್ಲೆನೇ ಎಂದು ತನ್ನನ್ನೇ ಕೇಳಿಕೊಂಡಳು.

ಮಸುಕಿನಲ್ಲಿ ಏನೋ ಕಂದುಗೆಂಪಾದದ್ದು ಅಲುಗಿತು. ಒಣಗಿದ ಎಲೆಯಿರಬಹುದು. ಅವಳು ಚಕ್ರ ತಿರುಗಿಸಿದಳು.

ಕೊಕ್ಕು, ಹಳದಿ ಕಣ್ಣು, ಕೊರಳಿನ ಉದ್ದಕ್ಕೂ ಗೆರೆ. ಕೆಂಪು ಗುಪ್ಪಿ ಒಂದು ಕಾಲೆತ್ತಿ, ಅದನ್ನು ಎಲ್ಲಿಡಬೇಕೆಂದು ಯೋಚಿಸುತ್ತ ನಿಂತಿತ್ತು.

"ಹನ್ನೊಂದು ಗಂಟೆ ದಿಕ್ಕು, ಜೊಂಡಿನ ಅಂಚು," ಎಂದು ಪಿಸುಗುಟ್ಟಿ, ಅವಳು ದುರ್ಬೀನನ್ನು ಬಲಗಡೆಗೆ ಚಾಚಿದಳು. ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.

ಆಮೇಲೆ ಪುಸ್ತಕ ತೆಗೆದು ನಾಲ್ಕು ವಾರದ ಹಿಂದಿನ ಹಾಳೆ ತೆರೆದಳು. ಪೆನ್ಸಿಲ್ಲಿನ ಅಕ್ಷರಗಳ ಮೇಲೆ ಒಂದೊಂದಾಗಿ ಶಾಯಿ ತಿದ್ದಿದಳು. ಒಣಗಲೆಂದು ಪುಸ್ತಕವನ್ನು ತೆರೆದಂತೆಯೇ ಬೆಂಚಿನ ಬಲಗಡೆಯ ಅರ್ಧದಲ್ಲಿಟ್ಟು, ಗಾಳಿಗೆ ಹಾಳೆ ಮಗುಚದಂತೆ ಅಂಚಿನ ಮೇಲೆ ದುರ್ಬೀನು ಇಟ್ಟಳು.