ನನ್ನನ್ನು ಸಾಯಿಸಿದ ಬಸ್ಸಾರು

ಬೀದಿಯಲ್ಲಿ ಅಳು ಕೇಳಿಸಿತು. ಯಾರ ಮನೆಯಲ್ಲಿ ಏನಾಯಿತೋ ಎಂದು ಜಗಲಿಯಿಂದ ಎದ್ದು ನೋಡಿದೆ. ಕೋಡಿಹಳ್ಳಿಯ ನನ್ನ ತಂಗಿ ಕೃಷ್ಣಮ್ಮ, ಬಸ್ಸಿಳಿದು ಎದೆ ಬಡಿದುಕೊಳ್ಳುತ್ತ ನಮ್ಮ ಮನೆಯ ಕಡೆಗೇ ಬರುತ್ತಿದ್ದಳು. ನನ್ನನ್ನು ಕಂಡವಳೇ ನಿಂತುಬಿಟ್ಟಳು.

“ಅಯ್ಯೋ ಅಕ್ಕಯ್ಯ, ನೀನು ಸತ್ತಿಲ್ವಾ?”

“ಇನ್ನೂ ಇಲ್ಲ ಕಣೆ. ಯಾರು ಹೇಳಿದ್ರು?”

“ನನ್ ಮಗ ಗಂಗರಾಜು. ಕಂಪ್ಯೂಟರ್‌ನಾಗೆ ಬಂದೈತಂತೆ. ನಿನ್ ಮೊಮ್ಮಗಳೇ ಬರ್ದವ್ಳಂತೆ.”

“ಒಂದು ಫೋನ್ ಮಾಡಿ ಕೇಳ್ಬಾರ್ದಿತ್ತಾ?”

“ಸತ್ತೋರ್ಗೆ ಯಾರಾದ್ರೂ ಫೋನ್ ಮಾಡ್ತಾರಾ?” ಎಂದು ನನ್ನ ಮೇಲೇ ರೇಗಿದಳು. ತಂದಿದ್ದ ಹೂವಿನ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಗೂಟಕ್ಕೆ ನೇತುಹಾಕಿದಳು.

ಮೊಮ್ಮಗಳು ಧನುಶ್ರೀ ಹಾರೋಹಳ್ಳಿಯ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಊಟದ ಬಿಡುವಿನಲ್ಲಿ ಅಲ್ಲಿನ ಕಂಪ್ಯೂಟರಿನಲ್ಲಿ ಅಡುಗೆಗಳನ್ನು ಬರೆದು ಇಂಟರ್‌ನೆಟ್ಟಿಗೆ ಹಾಕುತ್ತಾಳೆಂದು ಗೊತ್ತಿತ್ತು. ಹೋದ ವಾರ ನನ್ನಿಂದ ಬಸ್ಸಾರು ಮಾಡುವುದನ್ನು ಕೇಳಿಕೊಂಡು ಹೋಗಿದ್ದಳು. ಸಂಜೆ ಅವಳು ಬಂದಾಗ ಬ್ಯಾಗಿನಿಂದ ಆ ಬರಹದ ಪ್ರಿಂಟನ್ನು ತೆಗೆಸಿ, ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಕೂಡಿಸಿಕೊಂಡು ಓದಿದೆ.

ಎರಡು ಹಾಳೆ. ಮೊದಲನೆಯದರ ತುಂಬ ನಾನು ಸಾಯುತ್ತಿದ್ದೆ. ಕೊನೆಯುಸಿರಿನಲ್ಲಿ ಮೊಮ್ಮಗಳ ಕೈ ಹಿಡಿದು ‘ಬಸ್ಸಾರು ಮರೀಬೇಡ ಮಗಾ’ ಎಂದೆನಂತೆ. ಅಲಸಂದೆ ಕಾಳು, ದಂಟಿನ ಸೊಪ್ಪು ಬಂದದ್ದು ಎರಡನೆಯ ಹಾಳೆಯ ಬುಡದಲ್ಲಿ, ಐದೇ ಸಾಲು. ಅದರಲ್ಲೂ ಬೇಯಿಸಿದ ನೀರನ್ನು ಚೆಲ್ಲಿ ಎಂದು ಬರೆದಿದ್ದಳು. ಆ ನೀರನ್ನು ಬಸಿದು ಮಾಡುವುದಕ್ಕೇ ಅಲ್ಲವೇ ಅದು ಬಸ್ಸಾರು!

“ಏನೇ ಇದು? ಅಡುಗೆ ಕೇಳ್ದೋರ್ಗೆ ನನ್ ಸಾವು ಯಾಕೆ?”

“ಬರೀ ಅಡುಗೆ ಹಾಕಿದ್ರೆ ಯಾರೂ ಓದಲ್ಲ ಅಜ್ಜಿ. ಉಪ್ಪಿಟ್ಟು ಹಾಕಿದ್ದೆ, ಇಬ್ರು ಓದಿದ್ರು. ಅದ್ರಲ್ಲಿ ಒಬ್ಳು ನಾನೇ. ಇದಕ್ಕೆ ನಲವತ್ತು ಜನ ಅತ್ತವ್ರೆ.”

“ಬದುಕಿರೋ ಅಜ್ಜಿ ಅಂತ ಬರ್ದಿದ್ರೆ ಏನಾಗ್ತಿತ್ತು?”

“ಬದುಕಿರೋ ಅಜ್ಜಿ ಎಲ್ರ ಮನೇಲೂ ಇರ್ತಾರಲ್ಲ!”

ಕೃಷ್ಣಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಹಾಳೆ, ಪೆನ್ನು ತಂದು ಮೊಮ್ಮಗಳ ಮುಂದಿಟ್ಟೆ.

“ನಾಳೆ ಇನ್ಯಾರು ಅತ್ಕೊಂಡು ಬತ್ತಾರೋ. ಈಗ್ಲೇ ಹೊಸದಾಗಿ ಬರಿ. ನಾನು ಬದುಕಿದೀನಿ ಅಂತ ಒಂದು ಸಾಲು, ಆಮೇಲೆ ಸರಿಯಾದ ಅಡುಗೆ. ಕತೆ ಒಂದಕ್ಷರ ಕೂಡದು.”

ಹುಡುಗಿ ಮುಖ ಊದಿಸಿಕೊಂಡು ಪೆನ್ನು ಹಿಡಿದಳು. ಕಾಳಾಯಿತು, ಸೊಪ್ಪಾಯಿತು, ಬಸಿಯುವುದಾಯಿತು.

“ಉಪ್ಪು ಎಷ್ಟು?”

“ನಮ್ಮತ್ತೆ ಒಂದು ಹಿಡಿ ಹಾಕೋರು.”

“ಹಿಡಿ ಅಂದ್ರೆ ಎಷ್ಟಜ್ಜಿ?”

“ಅವ್ರದು ಸಣ್ಣ ಹಿಡಿ. ಗಾಣಕ್ಕೆ ಸಿಕ್ಕಿ ಎರಡು ಬೆರಳು ಹೋಗಿದ್ವು.”

“ಗಾಣ ಅಲ್ಲ ಅಕ್ಕಯ್ಯ, ಮೇವು ಕತ್ತರ್ಸೋ ಮಿಷನ್ನು.”

“ನಿಂಗೇನೇ ಗೊತ್ತು? ಆವತ್ತು ನೀನೆಲ್ಲಿದ್ದೆ? ಮಾವ ಗಾಡಿ ಕಟ್ಟೋ ಹೊತ್ಗೆ ಸೀರೆಯೆಲ್ಲ ರಕ್ತ...”

ಅತ್ತೆಯ ಬೆರಳಿನಿಂದ ಮಾತು ಅವರ ನೋವಿಗೆ ಹೋಯಿತು, ಅಲ್ಲಿಂದ ಅವರ ಕೊನೆಗಾಲಕ್ಕೆ. ಧನುಶ್ರೀ ತಲೆಯೆತ್ತದೆ ಬರೆಯುತ್ತಿದ್ದಳು. ಹಾಳೆ ಮಗುಚಿದ ಸದ್ದಿಗೆ ನನಗೆ ಎಚ್ಚರವಾಗಿ, ಕೈಯಿಂದ ಕಿತ್ತುಕೊಂಡು ನೋಡಿದೆ.

‘ನಮ್ಮಜ್ಜಿ ಬದುಕಿದ್ದಾರೆ’ ಎಂದು ಮೇಲೆ ದಪ್ಪಗೆ ಬರೆದಿದ್ದಳು. ಅದರ ಕೆಳಗೆ ಕಾಳು, ಸೊಪ್ಪು, ಬಸಿಯುವುದು; ಉಪ್ಪಿನ ಸಾಲು ದಾಟಿದ ಮೇಲೆ ನಮ್ಮತ್ತೆ ಸಾಯತೊಡಗಿದ್ದರು. ಹೊಡೆದುಹಾಕಲು ಪೆನ್ನು ತೆಗೆದುಕೊಂಡವಳು ಹಾಗೇ ಹಿಂದಕ್ಕೆ ಕೊಟ್ಟೆ. ಹೇಳಿದವಳು ನಾನೇ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.