ಆಗ್ನೆಸೆಯ ಹೆಸರಿನ ಪೀಪಾಯಿಗಳು

ತನ್ನ ಕೆನ್ನೆಯ ಮೇಲೆ ತನಗೇ ಹಿಡಿತವಿಲ್ಲ ಎಂಬುದು ಆಗ್ನೆಸೆಗೆ ಹಳೆಯ ಸಂಗತಿ. ಈಚೆಗೆ ಆ ಕೆನ್ನೆ ಸುಳ್ಳು ಹೇಳುವುದನ್ನೂ ಕಲಿತಿತ್ತು. ಶನಿವಾರ ಬೆಳಿಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ಕೂದಲು ಕಟ್ಟಿಕೊಳ್ಳುತ್ತ ಅವಳು ತನ್ನಷ್ಟಕ್ಕೆ ಒಪ್ಪಿಕೊಂಡಳು: ‘ಹೋದ ವಾರ ನನಗೆ ನಾಚಿಕೆಯೇ ಆಗಿರಲಿಲ್ಲ. ಆದರೂ ಕೆಂಪಾದೆ. ಕರೆದ ತಕ್ಷಣ ಓಡಿಬರುವ ಸಂಬಳದ ಆಳಿನ ಹಾಗೆ ಬಂತು ಆ ಕೆಂಪು.’

ಕರೆಯುತ್ತಿದ್ದವಳು ಸೋದರತ್ತೆ ಲೊರೆದಾನಾ. ಇಟಲಿಯ ಮೋದೆನಾ ಊರಿಗೆ ಉಣ್ಣಲು, ಕುಡಿಯಲು, ನೋಡಲು ಬರುವವರನ್ನು ಪ್ರತಿ ಶನಿವಾರ ಬೀದಿ ಬೀದಿ ಸುತ್ತಿಸಿ, ಚೀಸ್ ತಿನ್ನಿಸಿ, ವೈನ್ ಕುಡಿಸಿ, ಕೊನೆಗೆ ತನ್ನ ತವರುಮನೆಯ ಅಟ್ಟಕ್ಕೆ ಹತ್ತಿಸುವುದು ಅವಳ ಕಸುಬು. ಆ ಅಟ್ಟದಲ್ಲಿ ಐದು ಪೀಪಾಯಿಗಳು ದೊಡ್ಡದರಿಂದ ಚಿಕ್ಕದರವರೆಗೆ ಒಂದರ ಪಕ್ಕ ಒಂದು ಮಲಗಿದ್ದವು. ಒಂದೊಂದು ಒಂದೊಂದು ಜಾತಿಯ ಮರದ್ದು. ಒಳಗೆ ಕುದಿಸಿ ಬತ್ತಿಸಿದ ದ್ರಾಕ್ಷಿರಸ ವರ್ಷಗಟ್ಟಲೆ ಕೂತು ಕಪ್ಪು ವಿನೆಗರ್ ಆಗುತ್ತಿತ್ತು. ಪ್ರತಿಯೊಂದರ ಮುಖದ ಮೇಲೂ ಕಾದ ಕಬ್ಬಿಣದಿಂದ ಬರೆದ ಹೆಸರು: ಆಗ್ನೆಸೆ. ಅವಳು ಹುಟ್ಟಿದ ವರ್ಷ ಅಜ್ಜಿ ದಿರ್ಚೆ ಹೂಡಿದ್ದ ಸಾಲು ಅದು. ಹೆಣ್ಣು ಹುಟ್ಟಿದರೆ ಹಾಗೆ ಹೂಡುವುದು, ಮದುವೆಯಲ್ಲಿ ಬಳುವಳಿಯಾಗಿ ಕಳಿಸುವುದು ಆ ಕಡೆಯ ಹಳೆಯ ಮನೆಗಳ ಪದ್ಧತಿ.

ಅತ್ತೆ ಇಷ್ಟನ್ನು ಹೇಳಿ ನಿಲ್ಲಿಸುತ್ತಿದ್ದಂತೆ ಬಂದವರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು: “ಹಾಗಾದ್ರೆ ಮದುವೆ ಯಾವಾಗ?” ಆಗ ಚಮಚಗಳ ಬುಟ್ಟಿ ಹಿಡಿದು ಮೂಲೆಯಲ್ಲಿ ನಿಂತ ಆಗ್ನೆಸೆ ಕೆಂಪಾಗಬೇಕು. ಆಗುತ್ತಿದ್ದಳು. ಎಲ್ಲರೂ “ಅಯ್ಯೋ ಪಾಪ” ಎಂದು ನಗುತ್ತಿದ್ದರು. ಅತ್ತೆ ಆಮೇಲೆ ಅಡುಗೆಮನೆಯಲ್ಲಿ, “ಚೀಸ್ ವಿಷಯ ಯಾರಿಗೆ ಬೇಕಾದ್ರೂ ಕಲಿಸಬಹುದು ಕಣೇ, ವೈನ್ ವಿಷಯಾನೂ ಕಲಿಸಬಹುದು. ಹೀಗೆ ಕೆಂಪಾಗೋದನ್ನ ಯಾರಿಗಾದ್ರೂ ಕಲಿಸಕ್ಕಾಗುತ್ತಾ?” ಎಂದು ಅವಳ ಗಲ್ಲ ಹಿಂಡುತ್ತಿದ್ದಳು.

ಇವತ್ತು ಬರುವವರಲ್ಲಿ ಓತ್ತೊರಿನೊ ಝನಾಸಿ ಎಂಬವರೂ ಇದ್ದರು. ಊರಾಚೆ ದೊಡ್ಡ ರಸ್ತೆಯ ಪಕ್ಕದಲ್ಲಿ ಅವರದೊಂದು ವಿನೆಗರ್ ಮಳಿಗೆ, ಬಸ್ಸುಗಟ್ಟಲೆ ಜನ ಬಂದು ಇಳಿಯುವಂಥದು. ಅವರು ಬರುತ್ತಿದ್ದದ್ದು ಪೀಪಾಯಿಗಳನ್ನು ನೋಡಿ ಮಾತು ಮುಗಿಸಲು.

ಅದು ಶುರುವಾದದ್ದು ಭಾನುವಾರದ ಊಟದ ಮೇಜಿನಲ್ಲಿ. ಹೋದ ವರ್ಷ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅಟ್ಟ ಹತ್ತುವಂತಿರಲಿಲ್ಲ. “ಇನ್ನು ಅದನ್ನ ನೋಡ್ಕೊಳ್ಳೋರು ಯಾರು? ಝನಾಸಿ ತಗೊಂಡು ಹೋಗ್ತಾರಂತೆ. ಹೆಸರು ಅಳಿಸಲ್ವಂತೆ. ನಾನೂ ಜನಾನ ಅಲ್ಲಿಗೇ ಕರ್ಕೊಂಡು ಹೋಗ್ತೀನಿ, ಈ ಹಾಳು ಮೆಟ್ಟಿಲ ಕಾಟ ತಪ್ಪುತ್ತೆ,” ಎಂದು ಅತ್ತೆ ತೊರ್ತೆಲ್ಲಿನಿ ಕಡುಬಿನ ಸಾರು ಬಡಿಸುತ್ತಲೇ ಹೇಳಿದ್ದಳು. ಅಪ್ಪ ಬಟ್ಟಲಿನಿಂದ ತಲೆ ಎತ್ತದೆ, “ಅದು ಹುಡುಗೀದು. ಅವಳೇ ಹೇಳ್ಲಿ,” ಅಂದರು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು, “ನೋಡೋಣ,” ಎಂದಳು.

“ಸರಿ ಹಾಗಾದ್ರೆ, ಶನಿವಾರ ಬರಕ್ಕೆ ಹೇಳ್ತೀನಿ,” ಅಂದಳು ಅತ್ತೆ. ಅಜ್ಜಿ ಚಮಚವನ್ನು ಊದಿ ಊದಿ ತಣ್ಣಗೆ ಮಾಡುತ್ತ ಕೂತಿದ್ದಳು.

ಆಗ್ನೆಸೆಗೆ ಅವು ಹೋಗುವುದು ಬೇಡವಾಗಿತ್ತು. ಆದರೆ ‘ಬೇಕು’ ಎನ್ನುವ ಮಾತು ಅವಳ ಬಾಯಿಗೆ ಅಭ್ಯಾಸವಿರಲಿಲ್ಲ. ಐಸ್‌ಕ್ರೀಮ್ ಅಂಗಡಿಯಲ್ಲಿ ಕೂಡ ಮುಂದೆ ನಿಂತವರು ಏನು ಕೇಳುತ್ತಾರೋ ಅದನ್ನೇ ಕೇಳಿ, ಇಷ್ಟವಿಲ್ಲದ ಪಿಸ್ತಾವನ್ನು ದಾರಿಯುದ್ದಕ್ಕೂ ನೆಕ್ಕುತ್ತ ಬರುವ ಹುಡುಗಿ ಅವಳು.

ಏಪ್ರಿಲ್ ತಿಂಗಳ ಬಿಸಿಲು ಚರ್ಚಿನ ಗೋಪುರದ ತುದಿಯಿಂದ ಚೌಕಕ್ಕೆ ಇಳಿಯುವ ಹೊತ್ತಿಗೆ ಜನ ಸೇರಿದ್ದರು. ಬೆರ್ಗಾಮೊದಿಂದ ಬಂದ ಗಂಡಹೆಂಡತಿ, ಬಾರಿ ಊರಿನಿಂದ ಬಂದ ನಿವೃತ್ತ ಶಿಕ್ಷಕಿ ಅಸುಂತಾ, ಮತ್ತೆ ತೆಳು ಕೋಟು ತೊಟ್ಟ ಝನಾಸಿ. ಅತ್ತೆ ಕೊಡೆಯನ್ನು ಎತ್ತಿ ಹಿಡಿದು ಮುಂದೆ. ಆಗ್ನೆಸೆ ಬುಟ್ಟಿ ಹಿಡಿದು ಹಿಂದೆ.

ಮಾರುಕಟ್ಟೆಯ ಚೀಸ್ ಅಂಗಡಿಯ ಎವಾರಿಸ್ತೊ ದೂರದಿಂದಲೇ ಕೂಗಿದ. “ಬಂದ್ರು ಬಂದ್ರು, ಡಾಕ್ಟರಮ್ಮ ಬಂದ್ರು! ಎಲ್ರೂ ಎದ್ದು ನಿಂತ್ಕೊಳ್ಳಿ!” ಹೋದ ಶರತ್ಕಾಲ ಬೊಲೋನ್ಯದಲ್ಲಿ ಡಿಗ್ರಿ ಮುಗಿಸಿದ ದಿನದಿಂದ ಇಡೀ ಮಾರುಕಟ್ಟೆಗೆ ಅವಳು ಡಾಕ್ಟರಮ್ಮ; ಆ ಕಡೆ ಡಿಗ್ರಿ ಪಡೆದವರೆಲ್ಲ ಡಾಕ್ಟರೇ.

“ಇವರು ಡಾಕ್ಟರಾ? ನನಗೆ ಮಂಡಿನೋವಿದೆ,” ಅಂದರು ಅಸುಂತಾ ಟೀಚರ್.

“ಇವಳು ಪದಗಳ ಡಾಕ್ಟರು ತಾಯಿ. ಲ್ಯಾಟಿನ್ ಓದಿದಾಳೆ. ನಿಮ್ಮ ಮಂಡಿಗೆ ಲ್ಯಾಟಿನ್‌ನಲ್ಲಿ ಏನಂತಾರೆ ಅಂತ ಹೇಳ್ತಾಳೆ, ಅಷ್ಟೇ,” ಅಂದ ಎವಾರಿಸ್ತೊ. ಎರಡು ವರ್ಷ ಹಳೆಯ ಪಾರ್ಮಿಜಾನೊ ಗಟ್ಟಿಯನ್ನು ಗಿಡ್ಡ ಚೂರಿಯಿಂದ ಒಡೆದು ಎಲ್ಲರ ಕೈಗೂ ಒಂದೊಂದು ಚೂರು ಇಟ್ಟ. “ಅಗಿಯೋ ಮೊದ್ಲು ಮೂಸಿ. ಅವಸರ ಮಾಡೋರಿಗೆ ನಾನು ಚೀಸ್ ಕೊಡಲ್ಲ, ಸೋಪು ಕೊಡ್ತೀನಿ.”

ಅಲ್ಲಿಂದ ಮುಂದಿನ ಓಣಿಯ ಪುಟ್ಟ ಹೋಟೆಲಿನಲ್ಲಿ, ಹಂದಿಕೊಬ್ಬಿನಲ್ಲಿ ಕರಿದು ಉಬ್ಬಿಸಿದ ಹಿಟ್ಟಿನ ನ್ಯೊಕ್ಕೊ, ಮೇಲೆ ಹೊದಿಸಲು ತೆಳ್ಳಗೆ ಹೆಚ್ಚಿದ ಹ್ಯಾಮ್, ಜೊತೆಗೆ ನೊರೆಯುಕ್ಕುವ ಲಂಬ್ರುಸ್ಕೊ. ಬೆರ್ಗಾಮೊದ ಗಂಡ ಲೋಟವನ್ನು ಬೆಳಕಿಗೆ ಹಿಡಿದು ಸಂಶಯದಿಂದ ನೋಡಿದ. “ಕೆಂಪು ವೈನಲ್ಲಿ ನೊರೆನಾ?”

“ನಮ್ಮೂರಲ್ಲಿ ಬರುತ್ತೆ,” ಅಂದಳು ಅತ್ತೆ. “ಇಷ್ಟು ಕೊಬ್ಬು ತಿಂದ ಮೇಲೆ ನಾಲಿಗೆ ತೊಳೆಯಕ್ಕೆ ಏನಾದ್ರೂ ಬೇಡ್ವಾ?”

“ಕುಡೀರಿ ಸುಮ್ನೆ,” ಅಂದಳು ಅವನ ಹೆಂಡತಿ. “ಮನೇಲಿ ಪ್ಯಾಕೆಟ್ ವೈನ್ ಕುಡಿಯೋರು ಇಲ್ಲಿ ಬಂದು ಪರೀಕ್ಷೆ ಮಾಡ್ತಾರೆ.”

ಎಲ್ಲರೂ ನಕ್ಕರು. ಆಗ್ನೆಸೆಯೂ ನಕ್ಕಳು. ನಗುವಾಗಲೂ ಅವಳ ಮನಸ್ಸು ಅಟ್ಟದಲ್ಲೇ ಇತ್ತು.

ಮನೆಯ ದಾರಿಯಲ್ಲಿ ಝನಾಸಿ ಉಳಿದವರನ್ನು ಮುಂದೆ ಬಿಟ್ಟು ಅವಳ ಜೊತೆ ಹೆಜ್ಜೆ ಹಾಕಿದರು. ಅವರನ್ನು ದ್ವೇಷಿಸಲು ಆಗಿದ್ದರೆ ಎಷ್ಟು ಸುಲಭವಿತ್ತು! ಆದರೆ ಅವರು ಮೆದು ಮಾತಿನ ಮನುಷ್ಯ. ಅವಳ ಕೈಯ ಬುಟ್ಟಿಯನ್ನು ಕೇಳದೆಯೇ ತಾವು ತೆಗೆದುಕೊಂಡರು.

“ನಿಮ್ಮತ್ತೆ ಚಿಕ್ಕ ಪೀಪಾಯಿಂದ ಒಂದಿಷ್ಟು ತಂದು ತೋರಿಸಿದ್ರು,” ಅಂದರು. “ಚೆನ್ನಾಗಿದೆ. ಈ ಚಳಿಗಾಲ ತುಂಬಿಸಿದ್ದು ಯಾರಮ್ಮ?”

“ಅಜ್ಜಿ,” ಎಂದಳು ಆಗ್ನೆಸೆ.

ಇದು ಸುಳ್ಳು. ಇಷ್ಟು ದೊಡ್ಡ ಸುಳ್ಳಿಗೆ ಕೆನ್ನೆ ಒಂದಿಷ್ಟೂ ಬಿಸಿಯಾಗಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ತುಂಬಿಸಿದ್ದು ಅವಳೇ. ವಿನೆಗರ್ ವರ್ಷವಿಡೀ ಮರದ ಸಂದಿಯಿಂದ ಗಾಳಿಗೆ ಆರಿಹೋಗುತ್ತದೆ. ಚಳಿಗಾಲದಲ್ಲಿ ಚಿಕ್ಕ ಪೀಪಾಯಿಗೆ ಅದರ ಪಕ್ಕದ್ದರಿಂದ, ಅದಕ್ಕೆ ಅದರ ಪಕ್ಕದ್ದರಿಂದ ಹೀಗೆ ತುಂಬಿಸುತ್ತ ಬಂದು, ಕೊನೆಗೆ ದೊಡ್ಡದಕ್ಕೆ ಮಾತ್ರ ಹೊಸ ರಸ ಹಾಕಬೇಕು. ಜನವರಿಯಲ್ಲಿ ಅವಳು ಅಟ್ಟದ ಚಳಿಗೆ ಎರಡೆರಡು ಸ್ವೆಟರ್ ಹಾಕಿಕೊಂಡು ಆ ಕೆಲಸ ಮಾಡಿದ್ದಳು. ಅಜ್ಜಿ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಆಗ್ನೆಸೆ ಚಮಚದಲ್ಲಿ ಒಂದಿಷ್ಟು ಹಿಡಿದು, ತುಳುಕದ ಹಾಗೆ ಇಳಿದು ಬಂದು ಅಜ್ಜಿಯ ಬಾಯಿಗಿಡುವಳು. ಅಜ್ಜಿ ಕಣ್ಣು ಮುಚ್ಚಿ ಚಪ್ಪರಿಸಿ, “ಇನ್ನೊಂದು ಸೌಟು,” ಎನ್ನುವಳು, ಇಲ್ಲವೇ “ಸಾಕು, ಬಾಯಿ ಮುಚ್ಚು” ಎನ್ನುವಳು. ಪೀಪಾಯಿಯ ಬಾಯಿ. ಅದರ ಮೇಲೆ ನಾರುಬಟ್ಟೆಯ ಚೌಕವನ್ನು ಹೊದಿಸಿ, ಗಾಳಿಗೆ ಹಾರದಂತೆ ಹೊಳೆಯ ಉರುಟುಕಲ್ಲನ್ನು ಇಡುವಾಗ ಆಗ್ನೆಸೆಗೆ ಯಾಕೋ ಎದೆಯೊಳಗೆ ಹಾಯೆನಿಸುತ್ತಿತ್ತು. ಅಲ್ಲಿ ಯಾರೂ ಅವಳನ್ನು ಮಾತಾಡು ಎನ್ನುತ್ತಿರಲಿಲ್ಲ. ಬೊಲೋನ್ಯದ ಯಾವ ಗ್ರಂಥಾಲಯದಲ್ಲೂ ಕೈಗಳಿಗೆ ಅಷ್ಟು ಸಮಾಧಾನ ಸಿಕ್ಕಿರಲಿಲ್ಲ.

ಕೆಲಸ ಮುಗಿದ ಸಂಜೆ ಅಜ್ಜಿ ಕೇಳಿದ್ದಳು, “ಇದೆಲ್ಲ ನಿನಗೆ ಬೇಕಾ ಮಗಳೇ? ಇಲ್ಲಾ ಮುದುಕಿ ಹೇಳಿದ್ಲು ಅಂತ ಮಾಡ್ತಿದೀಯಾ?”

“ಇರ್ಲಿ ಅಜ್ಜಿ,” ಎಂದಿದ್ದಳು ಆಗ್ನೆಸೆ. ಹೌದೂ ಅಲ್ಲ, ಇಲ್ಲವೂ ಅಲ್ಲ.

ಊರಿನ ಇನ್ನೊಂದು ತುದಿಯಲ್ಲಿದ್ದ ಅತ್ತೆಗೆ ಇದೊಂದೂ ಗೊತ್ತಿರಲಿಲ್ಲ.

“ಅಜ್ಜಿ ಮೆಟ್ಟಿಲು ಹತ್ತಲ್ಲ ಅಂದ್ರಲ್ಲ ನಿಮ್ಮತ್ತೆ?” ಎಂದರು ಝನಾಸಿ. ಆಗ್ನೆಸೆ ನಡಿಗೆ ಚುರುಕುಮಾಡಿದಳು.

ಮನೆಯಲ್ಲಿ ಅಜ್ಜಿ ಎಂದಿನಂತೆ ಅಟ್ಟದ ಮೆಟ್ಟಿಲ ಬುಡದಲ್ಲಿ ಕೂತಿದ್ದಳು. ಶನಿವಾರವೆಂದು ಮುತ್ತಿನ ಓಲೆ ಹಾಕಿಕೊಂಡಿದ್ದಳು. “ಬನ್ನಿ ಬನ್ನಿ. ತಲೆ ಜೋಪಾನ, ಮೇಲೊಂದು ತೊಲೆ ಇದೆ. ನನ್ನ ಗಂಡ ಬದುಕಿರೋ ತನಕ ಅದಕ್ಕೆ ತಲೆ ಹೊಡ್ಕೊಂಡ, ಒಂದಿನಾನೂ ಬುದ್ಧಿ ಬರ್ಲಿಲ್ಲ.”

“ನೀವೂ ಬರ್ತೀರಾ ಅಮ್ಮ?” ಎಂದರು ಅಸುಂತಾ ಟೀಚರ್.

“ಏನಂದ್ರಿ?”

“ನೀವೂ! ಮೇಲಕ್ಕೆ!”

“ಮೇಲಕ್ಕಾ? ಕರೆ ಬಂದಾಗ ಹೋಗ್ತೀನಿ ತಾಯಿ. ಈಗ ನೀವು ಹೋಗಿಬನ್ನಿ.”

ಅಟ್ಟದಲ್ಲಿ ಮರದ, ಹುಳಿಯ, ಕಾಕಂಬಿಯ ವಾಸನೆ ಒಟ್ಟಿಗೆ ಮೂಗಿಗೆ ಬಂತು. ಬೆರ್ಗಾಮೊದ ಗಂಡ ತೊಲೆಗೆ ತಲೆ ಹೊಡೆದುಕೊಂಡ. ಅತ್ತೆ ತನ್ನ ಕಥೆ ಶುರುಮಾಡಿದಳು: ಹಿಮ ಬೀಳುತ್ತಿದ್ದ ರಾತ್ರಿ ಮಗು ಹುಟ್ಟಿದ್ದು, ಬೆಳಗಾಗುವುದರೊಳಗೆ ಅಜ್ಜಿ ಬಡಗಿಯ ಮನೆ ಬಾಗಿಲು ಬಡಿದದ್ದು. ಆಗ್ನೆಸೆ ಹುಟ್ಟಿದ್ದು ಜೂನ್ ತಿಂಗಳಲ್ಲಿ. ಆದರೆ ಕಥೆಗೆ ಹಿಮ ಒಪ್ಪುತ್ತದೆ ಎಂದು ಅತ್ತೆಯ ವಾದ. ಪಿಂಗಾಣಿ ಚಮಚಗಳಲ್ಲಿ ಒಂದೊಂದು ಹನಿ ಬಿತ್ತು. ಎಲ್ಲರೂ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದರು.

“ದೇವರೇ,” ಅಂದರು ಅಸುಂತಾ ಟೀಚರ್ ಕೊನೆಗೆ, ಕಣ್ಣು ಒರೆಸಿಕೊಂಡು. “ಎಂಥಾ ಬಳುವಳಿ! ಹಾಗಾದ್ರೆ ಮದುವೆ ಯಾವಾಗ ಮಗೂ?”

ಎಲ್ಲರೂ ತಿರುಗಿದರು. ಆಗ್ನೆಸೆಯೂ ಕಾದಳು, ಕೆಂಪು ಈಗ ಬರುತ್ತದೆ, ಈಗ ಬರುತ್ತದೆ ಎಂದು. ಬರಲಿಲ್ಲ. ಅತ್ತೆ ಹುಬ್ಬು ಹಾರಿಸಿದಳು. ಆದರೂ ಬರಲಿಲ್ಲ.

“ವಿನೆಗರ್ ಹಣ್ಣಾದಾಗ!” ಎಂದು ಅತ್ತೆಯೇ ಮಾತು ತೇಲಿಸಿ ನಗಿಸಿದಳು.

ಝನಾಸಿ ಚಿಕ್ಕ ಪೀಪಾಯಿಯ ಮೇಲಿನ ಕಲ್ಲನ್ನು ಎತ್ತಿ, ಬಟ್ಟೆ ಸರಿಸಿ ಒಳಗೆ ಮೂಸಿ ನೋಡಿ, ಮತ್ತೆ ಮುಚ್ಚಿದರು. “ಗುರುವಾರ ಜನ ಕಳಿಸ್ತೀನಿ ಲೊರೆದಾನಾ. ಇದೇ ಸಾಲಿನಲ್ಲೇ ಇಡಿಸ್ತೀನಿ. ಆದ್ರೆ ಹುಡುಗಿಯ ಬಾಯಿಂದ ಒಂದು ಮಾತು ಕೇಳ್ಬೇಕು. ಹೆಸರು ಅವಳದ್ದು. ಅವಳು ಹೂಂ ಅನ್ನದೆ ನಾನು ಮುಟ್ಟಲ್ಲ.”

“ಅಯ್ಯೋ, ಅವಳು ಒಪ್ಪಿದಾಳೆ. ಅಲ್ವೇನೆ?”

‘ಹೂಂ’ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದೊಂದು ಅಕ್ಷರ ಜಾರಿಸಿಬಿಟ್ಟರೆ ಸಾಕು, ಎಲ್ಲರೂ ನೆಮ್ಮದಿಯಾಗಿ ಕೆಳಗಿಳಿದು ಕಾಫಿ ಕುಡಿಯಬಹುದು. ಆದರೆ ಆಗ್ನೆಸೆಯ ಕಣ್ಣು ಚಿಕ್ಕ ಪೀಪಾಯಿಯ ಮೇಲಿತ್ತು. ಝನಾಸಿ ಮುಚ್ಚಿದ ಬಟ್ಟೆ ಒಂದು ಬದಿಗೆ ವಾರೆಯಾಗಿತ್ತು. ಅವಳು ಜನರ ನಡುವಿನಿಂದ ಹೋಗಿ ಬಟ್ಟೆಯ ನಾಲ್ಕೂ ಮೂಲೆ ಎಳೆದು ಸರಿಮಾಡಿ, ಕಲ್ಲನ್ನು ಅದರ ಜಾಗದಲ್ಲಿಟ್ಟಳು. ಕೈ ಅಲ್ಲಿಂದ ತೆಗೆಯಲಿಲ್ಲ.

“ಇಲ್ಲ ಅತ್ತೆ,” ಎಂದಳು.

“ಏನಿಲ್ಲ?”

ಆಗ್ನೆಸೆಯ ತುಟಿ ಅಲ್ಲಾಡಿತು. ಮಾತು ಪಕ್ಕದಲ್ಲಿದ್ದ ಅಸುಂತಾ ಟೀಚರಿಗೂ ಕೇಳಿಸಲಿಲ್ಲ.

“ಏನಂತೆ?” ಎಂದು ಕೆಳಗಿನಿಂದ ಅಜ್ಜಿಯ ಧ್ವನಿ ಬಂತು. “ಯಾಕೆ ಎಲ್ರೂ ಸುಮ್ನಾಗ್ಬಿಟ್ರಿ?”

“ಏನಿಲ್ಲಮ್ಮ! ಬಂದ್ವಿ!” ಎಂದು ಅತ್ತೆ ಕೂಗಿದಳು.

“ನಿನ್ನ ಕೇಳಿಲ್ಲ ನಾನು. ನೀನು ಹುಟ್ಟಿದಾಗಿಂದ ನಿನ್ನ ಮಾತೇ ಕೇಳ್ತಿದೀನಿ. ಹುಡುಗಿ ಏನೋ ಅಂದ್ಲು. ಆಗ್ನೆಸೆ! ಏನಂದೆ? ಜೋರಾಗಿ ಹೇಳು, ಈ ಕಿವಿಗೆ ಪಿಸುಮಾತು ಹತ್ತಲ್ಲ!”

ಅತ್ತೆ ಬಾಯಿ ತೆರೆದಳು. ಝನಾಸಿ ಮೆಲ್ಲಗೆ ಕೈ ಎತ್ತಿ ಅವಳನ್ನು ತಡೆದರು.

ಆಗ್ನೆಸೆ ಮೆಟ್ಟಿಲ ಬಾಯಿಗೆ ಬಂದು ಬಗ್ಗಿ ನೋಡಿದಳು. ಕೆಳಗೆ ಅಜ್ಜಿ ಮುಖ ಮೇಲೆತ್ತಿ ಕಾಯುತ್ತಿದ್ದಳು. ಒಂದು ಕೈ ಕಿವಿಯ ಹಿಂದೆ, ಇನ್ನೊಂದು ಕೈ ಮೊದಲ ಮೆಟ್ಟಿಲ ಕಂಬಿಯ ಮೇಲೆ, ಜನವರಿಯಲ್ಲಿ ಚಮಚಕ್ಕಾಗಿ ಕಾಯುತ್ತಿದ್ದ ಹಾಗೆಯೇ.

ಆಗ್ನೆಸೆ ತೊಲೆಯನ್ನು ಹಿಡಿದುಕೊಂಡು, ಬೆನ್ನ ಹಿಂದೆ ನಿಂತವರಿಗೂ ಬೀದಿಯಲ್ಲಿ ಹೋಗುವವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಅಜ್ಜಿ, ಇವು ನನಗೆ ಬೇಕು!”